ಯಾರೂ ಸಾಯದ ನಕಾಶೆ

ಐದು ತಿಂಗಳಿನಿಂದ ಮಲ್ಲೇಶ್ವರಿ ಒಂದು ಲೋಕವನ್ನು ಸೃಷ್ಟಿಸುತ್ತಿದ್ದಳು. ಆ ಕೆಲಸಕ್ಕೆ ಕೂತಾಗ ದೇವರಿಗಾದರೂ ಬೇರೆ ನೌಕರಿ ಇರಲಿಲ್ಲ. ಇವಳು ಕೊಳಾರದ ಗೋದಾಮಿನಲ್ಲಿ ಎಂಟು ತಾಸು ನಿಂತು ಡಬ್ಬಿಗಳಿಗೆ ಚೀಟಿ ಅಂಟಿಸಿ, ಮನ್ನಳ್ಳಿಯ ಮನೆಗೆ ಬಂದು ರೊಟ್ಟಿ ಬಡಿದು, ಆಮೇಲೆ ಬೆಟ್ಟ ಎಬ್ಬಿಸಬೇಕು, ನದಿ ಹರಿಸಬೇಕು.

ಲೋಕ ದಾನಿಶನದು. ಮೈಲೂರಿನಲ್ಲಿ ಕಂಪ್ಯೂಟರ್ ಕಲಿಸುವ ಈ ಮಾಸ್ತರ ಪ್ರತಿ ರವಿವಾರ ಗೆಳೆಯರನ್ನು ಮೇಜಿನ ಸುತ್ತ ಕೂರಿಸಿಕೊಂಡು ಒಂದು ಆಟ ಆಡಿಸುತ್ತಿದ್ದ. ದಾಳ ಉರುಳಿಸುತ್ತ, ತಾವೇ ವೀರರಾಗಿ, ಕಾಗದದ ರಾಜ್ಯದಲ್ಲಿ ಅಲೆಯುತ್ತ ಕತೆ ಕಟ್ಟುವ ಆಟ. ಈಗ ಅದು ಅಚ್ಚಾಗಿ ಪೆಟ್ಟಿಗೆಯಲ್ಲಿ ಬರಲಿತ್ತು. ನಕಾಶೆಯ ಕೆಳಗೆ 'ಚಿತ್ರ: ಮಲ್ಲೇಶ್ವರಿ ಧೊಂಡಿಬಾ' ಎಂದಿರುತ್ತದೆ. ದಿನವಿಡೀ ಬೇರೆಯವರ ಹೆಸರಿನ ಚೀಟಿ ಅಂಟಿಸಿ ಸಾಕಾಗಿದ್ದವಳಿಗೆ ಆ ಒಂದು ಸಾಲು ಬೇಕಿತ್ತು. ಬೇಕೇ ಬೇಕಿತ್ತು.

ಆದರೆ ದಾನಿಶ ಮೂರನೇ ಸಲವೂ ನಕಾಶೆ ವಾಪಸು ಕೊಟ್ಟ.

"ಚಂದ ಅದರಿ ಅಕ್ಕಾ. ಆದ್ರ ಇದರಾಗ ಯಾರೂ ಸಾಯಂಗಿಲ್ಲಲ್ರಿ! ಎಲ್ಲಿ ಹೋದ್ರೂ ಒಂದು ಊರು, ಒಂದು ಬಾವಿ, ಯಾರೋ ರೊಟ್ಟಿ ಕೊಡ್ತಾರ. ವೀರರು ದಾರಿ ತಪ್ಪಬೇಕು, ಹಸೀಬೇಕು. ಬರೂ ರವಿವಾರ ಆಗ್ಲಿಲ್ಲಂದ್ರ ಬ್ಯಾರೆಯವರ ಕಡಿಂದ ಮಾಡಸ್ತೇನ್ರಿ."

ತಪ್ಪು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಅಪ್ಪ ಧೊಂಡಿಬಾ ಔರಾದಿನಿಂದ ಭಾಲ್ಕಿಯವರೆಗೆ ಮೂವತ್ತು ವರ್ಷ ಕುರಿ ಕಾದವನು. ರಾತ್ರಿ ಹಿಂಡನ್ನು ಹೊಲದಲ್ಲಿ ತರುಬಿ ನಿಲ್ಲಿಸಿದರೆ ಗೊಬ್ಬರವಾಗುತ್ತದೆಂದು ರೈತರೇ ಕರೆದು ಇಳಿಸಿಕೊಂಡು ಊಟ ಹಾಕುತ್ತಿದ್ದರಂತೆ. ಆ ಊರುಗಳ ಹೆಸರು ಕೇಳುತ್ತಲೇ ಬೆಳೆದವಳು ಈ ಲೋಕಕ್ಕೂ ಅಪ್ಪನ ದಾರಿಯನ್ನೇ ಹಾಸಿದ್ದಳು. ಕುರಿ ನಡೆಯುವ ಒಂದೊಂದು ದಿನದ ದೂರಕ್ಕೆ ಅವಳ ಕೈ ತಾನಾಗಿ ಒಂದು ಬಾವಿ ಇಟ್ಟುಬಿಡುತ್ತಿತ್ತು.

ಶನಿವಾರ ಮಧ್ಯಾಹ್ನ ಅಂಗಳದಲ್ಲಿ ನಕಾಶೆ ಹಾಸಿಕೊಂಡು ಕೂತಾಗ ಕಣ್ಣು ಉರಿಯುತ್ತಿತ್ತು. ಯಾವುದನ್ನು ಅಳಿಸಬೇಕೆಂದು ತೋಚಲಿಲ್ಲ. ಬೇಸತ್ತು ಅಪ್ಪನನ್ನೇ ಕೇಳಿದಳು.

"ಅಪ್ಪಾ, ನಿನಗ ಎಲ್ಲಾ ಊರಾಗೂ ರೊಟ್ಟಿ ಕೊಟ್ರೇನು? ಯಾರೂ ಬೈದು ಓಡಿಸ್ಲೇ ಇಲ್ಲ?"

ಧೊಂಡಿಬಾ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. ಬಾಗಿ, ಎರಡು ಬೆಟ್ಟಗಳ ನಡುವಿನ ಬಯಲಿನ ಮೇಲೆ ಬೆರಳಿಟ್ಟ.

"ಇಲ್ಲಿ ಓಡಿಸಿದ್ರು. ಹಿಂಡಿಗಿ ಬ್ಯಾನಿ ಬಂದಿತ್ತು. ಮೂರು ಊರಾಗ ಬಾವಿ ಹತ್ರ ಬಿಡ್ಲಿಲ್ಲ. ನಿಮ್ಮಕ್ಕಗ ವಾಂತಿ-ಭೇದಿ ಹತ್ತಿತ್ತು. ಎರಡು ದಿನ ನಡದ್ವಿ. ನೀರು ಸಿಗೂದ್ರಾಗ ಕೂಸು ಹೋತು."

ತಾನು ಹುಟ್ಟುವ ಮೊದಲೇ ಅಕ್ಕ ಜ್ವರ ಬಂದು ಸತ್ತಳೆಂದೇ ಮನೆಯಲ್ಲಿ ಹೇಳುತ್ತಿದ್ದರು. ಮಲ್ಲೇಶ್ವರಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷ ರೊಟ್ಟಿ ಕೊಟ್ಟವರನ್ನಷ್ಟೇ ಹಾಡಿ ಹೊಗಳಿದ ಅಪ್ಪನ ಮೇಲೆಯೇ ಬಂತು. ಅದೇ ಸಿಟ್ಟಿನಲ್ಲಿ ರಬ್ಬರು ತೆಗೆದುಕೊಂಡು ಆ ಬಯಲಿನ ಮೂರೂ ಊರು, ಮೂರೂ ಬಾವಿ ಅಳಿಸಿ ಹಾಕಿದಳು. ದಾನಿಶನಿಗೆ ಬೇಕಾದದ್ದು ಕೊನೆಗೂ ಸಿಕ್ಕಿತ್ತು.

ಅಪ್ಪ ಖಾಲಿಯಾದ ಜಾಗದ ಮೇಲೆ ಮತ್ತೆ ಬೆರಳಿಟ್ಟ.

"ನಡುವ ಒಂದು ಬಾವಿ ಬರಿ ಯವ್ವಾ."

"ಬರದ್ರ ಅವ ನಕಾಶಿ ತೊಗೊಳ್ಳಂಗಿಲ್ಲಪಾ."

"ಒಂದೇ ಒಂದು," ಎಂದ ಧೊಂಡಿಬಾ. "ಹಿಂದಿಂದ ಬರೋರಿಗಿ."

ಅವನ ಮುಖ ನೋಡಲಾಗದೆ ಬರೆದಳು. ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಸುತ್ತು, ಅಷ್ಟೇ.

ರವಿವಾರ ದಾನಿಶ ಆ ಬಯಲನ್ನು ಕಂಡದ್ದೇ ಕುರ್ಚಿಯಿಂದ ಎದ್ದ. "ವಾಹ್ ಅಕ್ಕಾ! ಇಲ್ಲಿ ಅರ್ಧ ಸೈನ್ಯ ಸಾಯ್ತದ್ರಿ!" ಆಮೇಲೆ ಅವನ ಬೆರಳು ಆ ಸುತ್ತಿನ ಮೇಲೆ ನಿಂತಿತು. "ಇದೊಂದು ತೆಗೀರಿ. ಇವತ್ತೇ ನಿಮ್ಮ ಹೆಸರು ಹಾಕಿ ಅಚ್ಚಿಗಿ ಕಳಸ್ತೇನಿ."

ರಬ್ಬರನ್ನು ಅವನೇ ಕೈಗಿಟ್ಟ. ಮಲ್ಲೇಶ್ವರಿ ದಣಿದಿದ್ದಳು. ಅಕ್ಕನ ಕತೆ ಹೇಳುವ ತ್ರಾಣವಿರಲಿಲ್ಲ, ಹೇಳುವ ಮನಸ್ಸಂತೂ ಮೊದಲೇ ಇರಲಿಲ್ಲ. ನಕಾಶೆಯ ಮೇಲೆ ಬಾಗಿ, ಕೆಳಗಿನ ಅಂಚಿನಲ್ಲಿ ತಾನೇ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡಿದ್ದ ಹೆಸರನ್ನು ಅಳಿಸತೊಡಗಿದಳು.

"ಏನ್ ಮಾಡ್ಲಿಕತ್ತೀರಿ ಅಕ್ಕಾ?"

"ಹೆಸರು ಬ್ಯಾಡ ದಾನಿಶ," ಎಂದಳು. "ಬಾವಿ ಇರ್ಲಿ."