ಕಲ್ಲು ಹೊತ್ತ ಟ್ರೇಲರಿನ ರಿಲೇ ವಾಲ್ವು

ನಾನು ಒಂದು ರಿಲೇ ವಾಲ್ವು. ಈ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ನನ್ನನ್ನು ಕಟ್ಟಿಕೊಂಡು ತಿರುಗಿದ ಟ್ರೇಲರಿನ ಮಾಲೀಕನೇ ಕೇಳಿರಲಿಲ್ಲವೆಂದ ಮೇಲೆ ನಿಮ್ಮನ್ನು ದೂರಿ ಏನು ಪ್ರಯೋಜನ?

ಹುಟ್ಟಿದ್ದು ಕಾರ್ಖಾನೆಯಲ್ಲಿ. ಕರಗಿದ ಅಲ್ಯೂಮಿನಿಯಂ ಅಚ್ಚಿಗೆ ಬಿದ್ದು ತಣಿದಾಗ ತೆಂಗಿನಕಾಯಿಯಷ್ಟು ದಪ್ಪದ ಮೈ ಬಂತು. ಒಳಗೆ ಪಿಸ್ಟನ್, ಸ್ಪ್ರಿಂಗು, ಕೆಲವು ರಬ್ಬರ್ ಬಳೆಗಳನ್ನು ಕೂರಿಸಿದರು. ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೋ ಎಂದು ನೋಡಿದರು. ಒಂದೂ ಏಳಲಿಲ್ಲ. ನನ್ನನ್ನು ಯಾರಾದರೂ ಸರಿಯಾಗಿ ನೋಡಿದ್ದು ಅದೇ ಮೊದಲು, ಅದೇ ಕೊನೆ.

ಅಲ್ಲಿಂದ ಇಳಕಲ್ಲಿನ ಸಂಗನಬಸಪ್ಪನ ಟ್ರೇಲರಿನ ಹೊಟ್ಟೆಯಡಿಗೆ ಬಂದೆ. ಗಣಿಯಿಂದ ಕೆಂಪು ಗ್ರಾನೈಟಿನ ದೊಡ್ಡ ದೊಡ್ಡ ದಿಮ್ಮಿಗಳನ್ನು ಹೇರಿಕೊಂಡು ಮಂಗಳೂರಿನ ಬಂದರಿಗೆ ಸಾಗಿಸುವುದು ಆತನ ವ್ಯಾಪಾರ.

ನನ್ನ ಕೆಲಸ ಹೇಳಿಬಿಡುತ್ತೇನೆ. ಮುಂದೆ ಎಂಜಿನ್ ಇರುವ ಗಾಡಿ, ಅದರ ಬೆನ್ನಿಗೆ ಸಿಕ್ಕಿಸಿದ ಉದ್ದನೆಯ ಟ್ರೇಲರು. ಚಾಲಕ ಬ್ರೇಕ್ ತುಳಿದ ಮೇಲೆ ಗಾಳಿ ಅಷ್ಟು ದೂರ ತೆವಳಿ ಬಂದು ಹಿಂದಿನ ಗಾಲಿಗಳನ್ನು ಹಿಡಿಯಬೇಕೆಂದರೆ, ಅಷ್ಟರಲ್ಲಿ ಟ್ರೇಲರು ಮುಂದಿನ ಗಾಡಿಯನ್ನು ದಬ್ಬಿ ಮಲಗಿಸಿರುತ್ತದೆ. ಅದಕ್ಕೇ ಟ್ರೇಲರಿನ ಅಡಿಯಲ್ಲೇ ಒಂದು ಗಾಳಿ ಟ್ಯಾಂಕು, ಅದರ ಪಕ್ಕದಲ್ಲಿ ನಾನು. ಪೆಡಲಿನಿಂದ ಸಣ್ಣ ಪೈಪಿನಲ್ಲಿ ನನಗೆ ಬರುವುದು ಬರೀ ಸೂಚನೆ, ಸ್ವಲ್ಪ ಗಾಳಿ. ಅದು ನನ್ನನ್ನು ಎಷ್ಟು ಒತ್ತುತ್ತದೋ ಅಷ್ಟೇ ಒತ್ತಡದಲ್ಲಿ ಟ್ಯಾಂಕಿನ ಗಾಳಿಯನ್ನು ನಾನು ಬ್ರೇಕುಗಳಿಗೆ ನುಗ್ಗಿಸುತ್ತೇನೆ. ಚಾಲಕ ಕಾಲು ತೆಗೆದರೆ ಆ ಗಾಳಿಯನ್ನು ಹೊರಗೆ ಉಗಿಯುತ್ತೇನೆ. ದೊಡ್ಡ ಗಾಡಿಗಳು ಹೊರಡುವಾಗ ‘ಪುಸ್ಸ್’ ಎಂದು ಕೇಳುತ್ತದಲ್ಲ, ಅದು ನನ್ನಂಥವರ ದನಿ. ಟ್ಯಾಂಕು ತುಂಬಿಸಲು ಇನ್ನೊಂದು ದಪ್ಪ ಪೈಪಿದೆ. ಅದು ಹರಿದರೆ ಮಾತ್ರ ನಾನು ಯಾರ ಕಾಲಿಗೂ ಕಾಯುವುದಿಲ್ಲ. ಟ್ಯಾಂಕಿನಲ್ಲಿದ್ದದ್ದನ್ನೆಲ್ಲ ಬ್ರೇಕಿಗೆ ಸುರಿದುಬಿಡುತ್ತೇನೆ. ಕಳಚಿಕೊಂಡ ಟ್ರೇಲರು ಜನರ ಮೇಲೆ ಹರಿಯಬಾರದೆಂದು ನನ್ನನ್ನು ಹಾಗೆ ಮಾಡಿದ್ದಾರೆ.

ಇಷ್ಟು ತಿಳಿಯಲು ದೊಡ್ಡ ಬುದ್ಧಿ ಬೇಕಿಲ್ಲ. ಆದರೂ ನಮ್ಮ ಚಾಲಕ ಯಮನೂರಪ್ಪನಿಗೆ ತಿಳಿದಿರಲಿಲ್ಲ. ಚಹಾದಂಗಡಿಯಲ್ಲಿ ಕೂತು ತೊಡೆ ತಟ್ಟಿಕೊಂಡು ಹೇಳುತ್ತಿದ್ದ:

“ಟ್ರೇಲರ್ ನಿಲ್ಲಸಾಕ ಕಾಲಾಗ ತಾಕತ್ತ ಬೇಕಪಾ. ಎಲ್ಲಾರಿಗೂ ಬರೂದಲ್ಲ ಇದು.”

ಆ ಕಾಲಿನ ತಾಕತ್ತಿಗೆ ಇಳಿಜಾರಿನಲ್ಲಿ ಒಂದು ಎತ್ತಿನ ಗಾಡಿಯೂ ನಿಲ್ಲುತ್ತಿರಲಿಲ್ಲ. ಸಂಗನಬಸಪ್ಪನೂ ಏನೂ ಕಡಿಮೆಯಿಲ್ಲ. ಹಬ್ಬ ಬಂದರೆ ಬಂಪರಿಗೆ ಹಾರ, ಸ್ಟೇರಿಂಗಿಗೆ ಕುಂಕುಮ, ಗಾಲಿಗೆ ನಿಂಬೆಹಣ್ಣು. ಬಗ್ಗಿ ಕೆಳಗೆ ನೋಡಿದವನಲ್ಲ. ಹೊಟ್ಟೆ ಅಡ್ಡ ಬರುತ್ತಿತ್ತೋ ಏನೋ.

ಗಾಳಿಯ ಜೊತೆ ಟ್ಯಾಂಕಿಗೆ ತೇವವೂ ಎಣ್ಣೆಯೂ ಬರುತ್ತವೆ. ದಿನಾ ಬೆಳಿಗ್ಗೆ ಟ್ಯಾಂಕಿನ ತಳದ ಉಂಗುರ ಎಳೆದರೆ ಆ ಕೊಳೆನೀರು ಚೆಲ್ಲಿಹೋಗುತ್ತದೆ. ಯಮನೂರಪ್ಪ ಒಂದು ಬೀಡಿ ಸೇದುವುದರೊಳಗೆ ಆಗುವ ಕೆಲಸ. ಅವನು ಬೀಡಿ ಸೇದಿದ, ಉಂಗುರ ಎಳೆಯಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ರಬ್ಬರುಗಳು ಊದಿ, ಪಿಸ್ಟನ್ ಅಂಟಿಕೊಳ್ಳತೊಡಗಿತು. ಹಿಡಿದ ಬ್ರೇಕನ್ನು ಬಿಡಲು ನನ್ನಿಂದಾಗುತ್ತಿರಲಿಲ್ಲ. ಗಾಲಿಗಳು ಉಜ್ಜಿಕೊಂಡೇ ಉರುಳಿದವು, ಟೈರು ಸುಟ್ಟ ವಾಸನೆ ಬಂತು. ಟೈರು ಎಂದ ಕೂಡಲೇ ಸಂಗನಬಸಪ್ಪನಿಗೆ ಎಚ್ಚರವಾಯಿತು.

ಹುಬ್ಬಳ್ಳಿಯ ರಸ್ತೆ ಬದಿಯ ಗ್ಯಾರೇಜಿನಲ್ಲಿ ಗಾಡಿ ನಿಲ್ಲಿಸಿದರು. ಹಿಂದೆಯೇ ಸಂಗನಬಸಪ್ಪ ತನ್ನ ಕಾರಿನಲ್ಲಿ ಬಂದ. ಮೆಕ್ಯಾನಿಕ್ ರಜಾಕ್ ನನ್ನ ತಲೆಗೆ ಸ್ಪ್ಯಾನರಿನಿಂದ ಎರಡೇಟು ಬಿಗಿದು ಹೇಳಿದ:

“ಇದನ್ನ ಬಿಚ್ಚಿ ತೊಳದು ರಬ್ಬರ್ ಬದಲಿ ಮಾಡಬೇಕ್ರಿ ಸಾವ್ಕಾರ್ರ. ಸಂಜೀತನಾ ಆಗತೈತಿ.”

“ಸಂಜೀತನಾ? ಬಂದರದಾಗ ಹಡಗ ನನ್ನ ಸಲುವಾಗಿ ಕಾಯ್ಕೊಂತ ಕುಂದ್ರತೈತೇನ? ಆ ಪೈಪ್ ಮಡಚಿ ಕಟ್ಟಿಬಿಡು. ಮುಂದಿನ ಗಾಡಿಗೆ ಬ್ರೇಕ್ ಐತಲ್ಲ.”

“ಅದು ಬರೋಬರಿ ಅಲ್ರಿ.”

“ಕಟ್ಟಂದ್ರ ಕಟ್ಟು.”

ಬರೋಬರಿ ಅಲ್ಲ ಎಂದ ಬಾಯಿ ಮುಚ್ಚುವ ಮೊದಲೇ ರಜಾಕನ ಕೈ ತಂತಿ ಹುಡುಕುತ್ತಿತ್ತು. ನನಗೆ ಸೂಚನೆ ತರುವ ಸಣ್ಣ ಪೈಪನ್ನು ಮಡಚಿ ಬಿಗಿದ. ಸೂಚನೆ ಬಾರದಿದ್ದರೆ ನಾನು ಹಿಡಿಯುವುದೂ ಇಲ್ಲ, ಹಿಡಿದು ಸಿಕ್ಕಿಕೊಳ್ಳುವುದೂ ಇಲ್ಲ. ಯಮನೂರಪ್ಪ ಪಕ್ಕದಲ್ಲಿ ನಿಂತು ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತಿದ್ದ. ಮೂವರ ಮೇಲೂ ನನಗೆ ಸಮಸಮವಾಗಿ ಹೇಸಿಗೆಯಾಯಿತು.

ಯಲ್ಲಾಪುರ ದಾಟಿ ಆರಬೈಲು ಘಾಟಿಯ ತಲೆಗೆ ಬಂದಾಗ ಗಾಡಿ ರಸ್ತೆಯಂಚಿಗೆ ಸರಿದು ನಿಂತಿತು. ಎಂಜಿನ್ ಆರಿತು. ಯಮನೂರಪ್ಪ ಕೆಳಗಿಳಿದು, ಕೀಲಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಕಲ್ಲುಗುಂಡಿನ ಮೇಲೆ ಕೂತ. ಹಿಂದೆ ಬರುತ್ತಿದ್ದ ಸಂಗನಬಸಪ್ಪ ಕಾರಿನಿಂದಿಳಿದ.

“ಯಾಕೋ ನಿಲ್ಲಿಸಿದಿ?”

“ನಾ ಇಳಸಂಗಿಲ್ರಿ ಸಾವ್ಕಾರ್ರ. ಹಿಂದಿನ ಗಾಲಿ ಹಿಡಿಯಂಗಿಲ್ಲ. ಸಪಾಟ ರಸ್ತೇದಾಗನ ದಬ್ಬಾಕತ್ತಿತ್ತು. ಇಲ್ಲಿ ನನ್ನ ತುಳಕೊಂಡ ಹೋಗತೈತಿ. ರಜಾಕನ್ನ ಇಲ್ಲೇ ಕರಸ್ರಿ, ಅಲ್ಲೀತನಾ ನಾ ಏಳಂಗಿಲ್ಲ.”

“ಕಾಲಾಗ ತಾಕತ್ತೈತಿ ಅಂತ ಊರೆಲ್ಲಾ ಹೇಳ್ಕೊಂತ ಅಡ್ಡಾಡತಿದ್ದೆಲ್ಲೋ?”

ಯಮನೂರಪ್ಪ ನೆಲ ನೋಡಿದ. “ಹೇಳತಿದ್ನಿರಿ. ಸುಳ್ಳ ಅದು.”

ಅವನ ಬಾಯಿಂದ ಬಂದ ಮೊದಲ ನಿಜ ಅದು. ಸಂಗನಬಸಪ್ಪ ಬಗ್ಗಿ ಅವನ ಕಿಸೆಗೆ ಕೈ ಹಾಕಿದ. ಯಮನೂರಪ್ಪ ಎರಡೂ ಕೈಯಲ್ಲಿ ಕಿಸೆ ಮುಚ್ಚಿಕೊಂಡ. ಎಳೆದಾಟದಲ್ಲಿ ಅಂಗಿ ಹರಿದು ಕೀಲಿ ಕೆಳಗೆ ಬಿತ್ತು.

“ನೀ ಹುಟ್ಟೂಕಿಂತ ಮೊದಲ ಈ ಘಾಟಿನಾಗ ಗಾಡಿ ಹೊಡದಾಂವ ನಾ. ಕುಂತ ಚಾ ಕುಡಿ ಅಂಜುಬುರುಕ.”

“ಬ್ಯಾಡ್ರಿ ಸಾವ್ಕಾರ್ರ. ಮ್ಯಾಲೆ ಕಲ್ಲೈತಿ.”

ಸಂಗನಬಸಪ್ಪ ಕೀಲಿ ಎತ್ತಿಕೊಂಡು ಕ್ಯಾಬಿನ್ನಿಗೆ ಹತ್ತಿದ. ಗಾಡಿ ಹೊರಟಿತು. ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಕಲ್ಲಿನ ಭಾರವನ್ನೆಲ್ಲ ಮುಂದಿನ ಗಾಡಿಯ ಬ್ರೇಕುಗಳೇ ಹೊತ್ತು ಹೊಗೆಯಾಡತೊಡಗಿದವು. ಕಾದ ಬ್ರೇಕು ಹಿಡಿಯುವುದನ್ನು ಮರೆಯುತ್ತದೆ. ಮೇಲೆ ಆತ ಪೆಡಲನ್ನು ಹೇಗೆಲ್ಲ ತುಳಿದನೋ! ಮಡಚಿದ ಪೈಪಿನಾಚೆ ನನಗೆ ಒಂದು ಉಸಿರೂ ತಲುಪಲಿಲ್ಲ. ಬೇಕಾದರೆ ತುಳಿಯಲಿ ಎಂದುಕೊಂಡೆ.

ಮುಂದಿನ ತಿರುವಿನಲ್ಲಿ ಟ್ರೇಲರು ಬಾಲ ಬೀಸಿದಂತೆ ಅಡ್ಡಕ್ಕೆ ಹೊರಳಿತು. ಎಂಜಿನ್ನಿನ ಮೂತಿ ಕಣಿವೆಯ ಕಡೆ ತಿರುಗಿತು. ಎರಡರ ನಡುವಿನ ಪೈಪುಗಳು ಬಿಗಿದು, ದಪ್ಪನೆಯದು ಪಟ್ಟನೆ ಹರಿಯಿತು.

ನನ್ನ ರೋಗ ಬಿಡುವುದರಲ್ಲಿತ್ತು, ಹಿಡಿಯುವುದರಲ್ಲಲ್ಲ. ಟ್ಯಾಂಕಿನ ಗಾಳಿಯೆಲ್ಲ ಒಮ್ಮೆಗೇ ನುಗ್ಗಿತು. ಟ್ರೇಲರಿನ ಅಷ್ಟೂ ಗಾಲಿಗಳು ಕಚ್ಚಿಕೊಂಡವು. ಟೈರುಗಳು ಕಿರುಚಿಕೊಂಡು ಡಾಂಬರಿನ ಮೇಲೆ ಕಪ್ಪು ಗೀರೆಳೆದು ನಿಂತಾಗ ಮುಂದಿನ ಒಂದು ಗಾಲಿ ತಡೆಗೋಡೆಯಾಚೆ ಗಾಳಿಯಲ್ಲಿ ತಿರುಗುತ್ತಿತ್ತು.

ರಸ್ತೆಯಂಚಿನಲ್ಲಿ ಸಿಕ್ಕ ಮರದ ತುಂಡೊಂದನ್ನು ಹೆಗಲ ಮೇಲಿಟ್ಟುಕೊಂಡು ಯಮನೂರಪ್ಪ ಇಳಿಜಾರಿನಲ್ಲಿ ಓಡಿ ಬಂದ. ಮೊದಲು ಅದನ್ನು ಗಾಲಿಗೆ ಒಡ್ಡಿದ. ಆಮೇಲೆ ಕ್ಯಾಬಿನ್ನಿಗೆ ಹತ್ತಿ, ಸ್ಟೇರಿಂಗನ್ನು ತಬ್ಬಿಕೊಂಡು ಕೂತಿದ್ದ ಮಾಲೀಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೆಳಗಿಳಿಸಿದ. ಧೋತರ ಒದ್ದೆಯಾಗಿತ್ತು. ತನ್ನ ಟವೆಲ್ಲನ್ನು ಆತನ ಸೊಂಟಕ್ಕೆ ಸುತ್ತಿದ. ನೀರು ಕುಡಿಸಿದ.

ನೀರು ಗಂಟಲಿಗಿಳಿದದ್ದೇ ಸಂಗನಬಸಪ್ಪ ಸುತ್ತ ನೆರೆದ ಲಾರಿಯವರಿಗೆ ಹೇಳಿದ: “ನೋಡಿದ್ರಿಲ್ಲೋ? ಬ್ಯಾರೇದಾಂವ ಆಗಿದ್ರ ಕಣಿವಿಗೆ ಹೋಗತಿದ್ದ. ನಾ ಇದ್ನಿ ಅಂತ ನಿಂತೈತಿ.” ಯಮನೂರಪ್ಪನ ಕಡೆ ತಿರುಗಿದ. “ನೀ ನಾಳಿಂದ ಬರಬ್ಯಾಡ.”

“ನಾಳಿ ಯಾಕ್ರಿ?” ಎಂದು ಯಮನೂರಪ್ಪ ತನ್ನ ಚೀಲ, ಕಂಬಳಿ ಇಳಿಸಿಕೊಂಡು ಘಾಟಿ ಹತ್ತುತ್ತಿದ್ದ ಲಾರಿಯೊಂದಕ್ಕೆ ಕೈ ಮಾಡಿದ. ಹರಿದ ಅಂಗಿಯಲ್ಲೇ ಹೋದ.

ವಾರದೊಳಗೆ ಎಂಜಿನ್ ಗಾಡಿಯ ಬಂಪರಿಗೆ ಹೊಸ ಹಾರ ಬಿತ್ತು. ಚೌಕಟ್ಟು ತಿರುಚಿಹೋದ ಟ್ರೇಲರು ಮಾತ್ರ ಹುಬ್ಬಳ್ಳಿಯ ಗುಜರಿ ಅಂಗಳ ಸೇರಿತು. ಗ್ಯಾಸ್ ಕಟ್ಟರಿನಿಂದ ಅದನ್ನು ತುಂಡರಿಸಿದವರು ನನ್ನನ್ನು ಕಿತ್ತು ಅಲ್ಯೂಮಿನಿಯಂ ರಾಶಿಗೆ ಎಸೆದರು. ಒಡೆದ ಪಾತ್ರೆ, ಫ್ಯಾನಿನ ರೆಕ್ಕೆಗಳ ನಡುವೆ ಕರಗುವ ಸರದಿಗಾಗಿ ಬಿದ್ದಿದ್ದೇನೆ.

ಸಂಗನಬಸಪ್ಪನನ್ನು ಉಳಿಸಿದೆನೆಂಬ ಹೆಮ್ಮೆ ನನಗಿಲ್ಲ. ಪೈಪು ಹರಿಯಿತು, ಹಿಡಿದೆ. ಮೇಲೆ ಕೂತವನು ಯಾರೆಂದು ಕೇಳುವ ಅವಕಾಶವಿದ್ದಿದ್ದರೆ ಹಿಡಿಯುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಯಮನೂರಪ್ಪ ಬಡಾಯಿಕೋರ, ಸೋಮಾರಿ. ನನ್ನ ಒಳಗನ್ನು ಕೊಳೆಸಿದವನೇ ಅವನು. ಆದರೂ ಅವನನ್ನು ಪೂರ್ತಿ ಹಳಿಯಲು ಹೋದಾಗಲೆಲ್ಲ ಮಾತು ಅರ್ಧಕ್ಕೇ ತಡೆಯುತ್ತದೆ. ನಾನು ಹಿಡಿಯಬೇಕಾದರೆ ಯಾರಾದರೂ ತುಳಿಯಬೇಕು, ಇಲ್ಲವೇ ಏನಾದರೂ ಹರಿಯಬೇಕು. ಅವನು ಘಾಟಿಯ ತಲೆಯಲ್ಲಿ ತಾನಾಗಿ ನಿಂತ.