ಹಿಂದಿನ ಹುಕ್ಕು ಮುಂದಕ್ಕೆ

“ಸ್ಟೂಲ್ ಹತ್ತಿ ಕಿಟಕಿ ಒರಸಾಕತ್ತಿದ್ಲು. ಮ್ಯಾಲಿನ ಗ್ಲಾಸಿಗೆ ಧೂಳ ಭಾಳ ಕೂತಿತ್ತು. ನಾ ಒಳಗ ಬೆಡ್‌ರೂಮಿನ್ಯಾಗ ಫೋನಿನ ಮ್ಯಾಲಿದ್ದೆ. ಸಪ್ಪಳಾತು. ಬಂದು ನೋಡೂದ್ರಾಗ ಸ್ಟೂಲ್ ಅಷ್ಟ ಇತ್ತು.”

ಅಭಿನಂದನ ಇಷ್ಟು ಹೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಕೊಲ್ಲಿ ದೇಶದ ಹವಲ್ಲಿಯ ಆ ನಾಲ್ಕನೇ ಮಹಡಿಯ ಹಾಲಿನಲ್ಲಿ ಕೂತಿದ್ದ ಇಪ್ಪತ್ತು ಮಂದಿ ಒಟ್ಟಿಗೆ ಲೊಚಗುಟ್ಟಿದರು. ಬಿರುಗಾಳಿ ನಿಂತ ಮಾರನೇ ದಿನ ಈ ಊರಿನಲ್ಲಿ ಕಿಟಕಿ ಒರೆಸದ ಹೆಂಗಸು ಯಾರಿದ್ದಾಳೆ? ಎಲ್ಲರಿಗೂ ಒಪ್ಪಿಗೆಯಾಯಿತು. ಅವನ ಹೆಂಡತಿ ನೇತ್ರಾ ಸತ್ತು ಮೂರು ದಿನವಾಗಿತ್ತು. ಆಕಸ್ಮಿಕ ಸಾವೆಂದು ಕಾಗದವೂ ಆಗಿತ್ತು.

ಮೂಲೆಯಲ್ಲಿ ಕೂತಿದ್ದ ನಿಂಗವ್ವ ಮಾತ್ರ ಬಾಯಿಗಿಡಬೇಕೆಂದಿದ್ದ ಚಹಾದ ಲೋಟವನ್ನು ನೆಲಕ್ಕಿಟ್ಟಳು.

“ಯಾವ ಕೈಲೆ ಒರಸ್ತಿದ್ಲು?”

ಎಲ್ಲರೂ ಅವಳತ್ತ ತಿರುಗಿದರು. ಕನ್ನಡ ಸಂಘದ ಕಾರ್ಯದರ್ಶಿ ಸಂಜೀವ, “ನಿಂಗಕ್ಕಾ, ಇದೇನು ಕೇಳೂ ಹೊತ್ತೇನ್ರಿ” ಎಂದ. ಅಭಿನಂದನ ಕನ್ನಡಕ ಹಾಕಿಕೊಂಡ.

“ಬಲಗೈಲೇ. ಎಲ್ಲಾರೂ ಬಲಗೈಲೇ ಒರಸ್ತಾರಲ್ರಿ ಅಕ್ಕಾರ.”

ಒಳಗೆ ಬೆಡ್‌ರೂಮಿನಲ್ಲಿದ್ದವನಿಗೆ ಯಾವ ಕೈ ಎಂದು ಹೇಗೆ ಕಂಡಿತು? ಆ ಇಪ್ಪತ್ತು ಮಂದಿಯಲ್ಲಿ ಎಂಜಿನಿಯರುಗಳೇ ಏಳೆಂಟು ಜನರಿದ್ದರು. ಒಬ್ಬನ ತಲೆಗಾದರೂ ಇದು ಹೋಗಬೇಡವೇ? ಹೋಗಲಿಲ್ಲ. ನಾಳೆ ಸಂಜೆಯ ವಿಮಾನಕ್ಕೆ ಬಾಡಿ ಹೊರಡುವ ಕಾಗದಪತ್ರದ ಬಗ್ಗೆ ಸಂಜೀವ ಹೇಳತೊಡಗಿದ, ಎಲ್ಲರೂ ಕಿವಿಗೊಟ್ಟು ಕೇಳಿದರು. ಇಂಥ ಕೆಲಸದಲ್ಲಿ ಸಂಘದವರಿಗೆ ಕೈ ಪಳಗಿದೆ.

ನಿಂಗವ್ವ ಎದ್ದು ಬಂದಳು. ಲಿಫ್ಟಿಗೆ ಕಾಯದೆ ಸಿಟ್ಟಿನಲ್ಲಿ ಮೆಟ್ಟಿಲಿಳಿದಳು.

ನಿಂಗವ್ವ ದರ್ಜಿ. ಹಾಗೆಂದು ಬಾಗಿಲ ಮೇಲೆ ಬೋರ್ಡು ಹಾಕಿರಲಿಲ್ಲ, ಹಾಕುವ ಹಾಗೂ ಇರಲಿಲ್ಲ. ಅವಳು ಗಂಡ ಬಾಳಾಸಾಹೇಬನ ಫ್ಯಾಮಿಲಿ ವೀಸಾದ ಮೇಲೆ ಬಂದವಳು, ಕಾನೂನಿನ ಪ್ರಕಾರ ಅನ್ನ ಬೇಯಿಸಿಕೊಂಡು ಇರಬೇಕಾದವಳು. ಹದಿನಾರು ವರ್ಷದಿಂದ ಮಲಗುವ ಕೋಣೆಯ ಪರದೆಯ ಹಿಂದೆ ಅವಳ ಮಶೀನು ಓಡುತ್ತಿತ್ತು. ಊರಿನ ಅರ್ಧಕ್ಕರ್ಧ ಕನ್ನಡದ ಹೆಂಗಸರ ರವಿಕೆ ಅಲ್ಲಿಂದಲೇ ಹೋಗುತ್ತಿದ್ದವು. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.

ನೇತ್ರಾ ಮೊದಲ ಸಲ ಹುಕ್ಕು ಬದಲಿಸುವ ಕೆಲಸ ತಂದದ್ದು ಎರಡು ತಿಂಗಳ ಹಿಂದೆ. ಬೆನ್ನಿಗೆ ಹುಕ್ಕಿದ್ದ ಮೂರು ರವಿಕೆ, ಮೂರೂ ನಿಂಗವ್ವನೇ ಹೊಲಿದವು.

“ಅಕ್ಕಾ, ಹಿಂದಿನ ಹುಕ್ಕು ಮುಂದಕ್ಕ ಹಚ್ಚಿ ಕೊಡ್ರಿ.”

“ಯಾಕವಾ, ನೀನ ಹಟಾ ಮಾಡಿ ಹಿಂದ ಹಚ್ಚಿಸ್ಕೊಂಡಿದ್ದೆಲ್ಲ. ಫ್ಯಾಶನ್ ಖಲಾಸ್ ಆತೇನು?”

ನೇತ್ರಾ ನಕ್ಕಿರಲಿಲ್ಲ. “ಬಲಗೈ ಮ್ಯಾಲ ಬರವಲ್ತ್ರಿ. ಹಿಂದಕ್ಕೂ ಹೋಗವಲ್ದು. ಹುಕ್ಕ ಹಾಕಾಕ ಅವರನ್ನ ಕರೀಬೇಕಾಗ್ತದ. ಅವರ ಕೈ ಬೆನ್ನಿಗೆ ಬರೂದು ಬ್ಯಾಡ್ರಿ ನನಗ.”

ನಿಂಗವ್ವ ಅಳತೆಗೆಂದು ಕೈ ಎತ್ತಿಸಿದಳು. ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತಿತು, ನೇತ್ರಾಳ ತುಟಿ ಬೆಳ್ಳಗಾಯಿತು. ತೋಳಿನ ಮೇಲೆ ನಾಲ್ಕು ಬೆರಳಿನ ಹಳದಿ ಗುರುತಿತ್ತು. ಕೇಳಬೇಕಿತ್ತು. ನಿಂಗವ್ವ ಕೇಳಲಿಲ್ಲ. ಗಿರಾಕಿಯ ಮೈ ಮೇಲೆ ಕಂಡದ್ದು ಕೋಣೆಯ ಹೊರಗೆ ಹೋಗಬಾರದೆಂಬುದು ಅವಳು ಇಟ್ಟುಕೊಂಡು ಬಂದ ನಿಯಮ. ಆ ನಿಯಮಕ್ಕೇ ಹೆಂಗಸರು ಅವಳ ಬಳಿ ಬರುತ್ತಿದ್ದುದು. ಆಮೇಲೆ ತಲೆಯ ಮೇಲಿಂದ ಹಾಕುವ ಕುರ್ತಾಗಳೂ ಬಂದವು, ಎಲ್ಲಕ್ಕೂ ಮುಂದೆ ಉದ್ದಕ್ಕೆ ಗುಂಡಿ ಬೇಕಿತ್ತು. ಕಡೆಯ ರವಿಕೆ ತಂದದ್ದು ಸಾಯುವ ಐದು ದಿನದ ಹಿಂದೆ. ಆಗಲೂ ಕೈ ಭುಜ ದಾಟಲಿಲ್ಲ.

ಅದೇ ಕೈಯಲ್ಲಿ ಮೇಲಿನ ಗಾಜು ಒರೆಸುತ್ತಿದ್ದಳಂತೆ.

“ಕೈ ತಿರುವಿದಂವಗ ಅದು ಇನ್ನೂ ಆರಾಮಾಗಿಲ್ಲ ಅನ್ನೂದ ಗೊತ್ತಿಲ್ಲಲ್ಲರಿ. ಒಂದ ಮನ್ಯಾಗ ಉಂಡು ಮಲಗಂವಗ!” ನಿಂಗವ್ವ ಮನೆಗೆ ಬಂದು ಗಂಡನ ಮುಂದೆ ಹೇಳಿದಳು.

ಬಾಳಾಸಾಹೇಬ ಲಿಫ್ಟ್ ಟೆಕ್ನಿಶಿಯನ್. ಡ್ಯೂಟಿಯಿಂದ ಬಂದು ಬೂಟಿನ ಲೇಸು ಬಿಚ್ಚುತ್ತಿದ್ದವನು ಅಲ್ಲಿಗೇ ನಿಲ್ಲಿಸಿದ. ಕೆಟ್ಟವನಲ್ಲ, ಅಂಜುವವನು.

“ಖರೇ ಇರಬಹುದು. ಇಲ್ಲ ಅನ್ನಂಗಿಲ್ಲ ನಾ. ಆದ್ರ ಪೊಲೀಸ್ ಸ್ಟೇಷನ್ನಿಗೆ ಹೋದ್ರ ಮೊದಲ ಏನ ಕೇಳತಾರ ಹೇಳು. ನಿನಗ ಹ್ಯಾಂಗ ಗೊತ್ತು ಅಂತಾರ.”

“ಅಳತಿ ತಗೊಂಡೀನಿ ಅಂತೀನಿ.”

“ಹಂಗಂದಿ ಅಂದ್ರ ಮುಗೀತು. ಇಲ್ಲಿ ಇರಾಕ ಕೊಟ್ಟ ನಿನ್ನ ಇಕಾಮಾ ಹೋತು, ನನ್ನದೂ ಹೋತು. ಮಗಳ ಪರೀಕ್ಷಾ ಇನ್ನ ಎಂಟು ತಿಂಗಳದ. ವೀಸಾ ಕೊಟ್ಟ ಕಫೀಲ್ ನನ್ನ ಕುಂಡ್ರಿಸ್ಕೊಂಡು ಸಮಾಧಾನ ಹೇಳತಾನೇನು? ಸತ್ತಾಕಿ ತಿರುಗಿ ಬರಂಗಿಲ್ಲ, ನಿಂಗೂ.”

“ಹೌದು, ಬರಂಗಿಲ್ಲ. ಆಕಿ ನನ್ನ ಮುಂದ ನಿಂತಾಗ ನಾ ಏನ ಮಾಡಿದೆ ಗೊತ್ತದೇನು? ಹುಕ್ಕ ಕಿತ್ತೆ, ಹುಕ್ಕ ಹಚ್ಚಿದೆ. ಅಷ್ಟ ಮಾಡಿದೆ. ಈಗೂ ಬಾಯಿ ಹೊಲಕೊಂಡು ಕೂತ್ರ ನಾನೂ ಅವನ ಮಗ್ಗಲಕ್ಕ ನಿಂತಂಗ.”

ಬಾಳಾಸಾಹೇಬ ಒಂದು ಬೂಟು ಕಳಚಿದ. ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು ಕೂತ.

ಬೆಳಿಗ್ಗೆ ಎಂಟಕ್ಕೆ ಸಂಜೀವನ ಫೋನು ಬಂತು. ದನಿಯಲ್ಲಿ ಬೆಣ್ಣೆ. “ಅಕ್ಕಾರ, ನಿಮ್ಮ ಉದ್ಯೋಗಾ ಎಲ್ಲಾರಿಗೂ ಗೊತ್ತದ. ಹದಿನಾರು ವರ್ಷ ಯಾರರೆ ಬಾಯಿ ಬಿಟ್ಟೀವೇನು? ನೀವೂ ಹಂಗ ಇರ್ರಿ. ಹುಡುಗ ಛಲೋ ನೌಕರಿಯಾಗದಾನ, ಅವನ ಬಾಳೇವು ಯಾಕ ಹಾಳ ಮಾಡ್ತೀರಿ?”

ಹುಡುಗನ ಬಾಳೇವಂತೆ! ನಾಲ್ಕನೇ ಮಹಡಿಯಿಂದ ಬಿದ್ದವಳಿಗೆ ಬಾಳೇವು ಇರಲಿಲ್ಲವೇನು? ನಿಂಗವ್ವ ಫೋನಿಟ್ಟವಳೇ ಕಪಾಟಿನಿಂದ ನೇತ್ರಾ ಒಯ್ಯದೆ ಉಳಿದಿದ್ದ ಕಡೆಯ ರವಿಕೆ ತೆಗೆದು ಚೀಲಕ್ಕೆ ಹಾಕಿಕೊಂಡಳು. ಕೆಳಗಿನ ಮಹಡಿಗಿಳಿದು ರಮ್ಲಾಳ ಬಾಗಿಲು ಬಡಿದಳು. ರಮ್ಲಾ ಬಂಟ್ವಾಳದ ಕಡೆಯವಳು. ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟಾಗಿದ್ದು ಅರಬ್ಬಿಯನ್ನು ನೀರು ಕುಡಿದ ಹಾಗೆ ಮಾತಾಡುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು ರಜೆಗೆ ಮೆಸೇಜು ಹಾಕಿದಳು.

“ಬರ್ತೇನೆ ನಿಂಗಕ್ಕ. ಆದ್ರೆ ಅಲ್ಲಿ ನೀವು ಅವಳ ಫ್ರೆಂಡ್ ಅಂತ ಹೇಳಿದ್ರೆ ಸಾಕು. ಟೈಲರಿಂಗಿನದ್ದು ಎಂತದಕ್ಕೆ ಎತ್ತುದು? ಮತ್ತೆ ನಿಮಗೇ ಕಷ್ಟ ಉಂಟು.”

ಸ್ಟೇಷನ್ನಿನಲ್ಲಿ ಎರಡು ಗಂಟೆ ಕೂರಿಸಿದ ಮೇಲೆ ಒಳಗೆ ಕರೆದರು. ತನಿಖಾಧಿಕಾರಿ ಹೆಂಗಸು, ಮೂವತ್ತೈದರ ಆಸುಪಾಸು, ತಲೆಗೆ ಕಪ್ಪು ವಸ್ತ್ರ, ಮುಂದೆ ತಣ್ಣಗಾದ ಕಾಫಿ. ರಮ್ಲಾ ಹೇಳಿದ್ದನ್ನು ತಾಳ್ಮೆಯಿಂದ ಕೇಳಿದಳು. ಆಮೇಲೆ ಫೈಲು ತಿರುವಿ ಏನೋ ಹೇಳಿದಳು.

ರಮ್ಲಾ ತರ್ಜುಮೆ ಮಾಡಿದಳು. “ಕೈಗೆ ಎಂತ ಆಗಿರ್ಲಿಲ್ಲ ಅಂತ ಗಂಡ ಬರ್ದು ಕೊಟ್ಟಿದ್ದಾನಂತೆ. ಡಾಕ್ಟರ ಚೀಟಿಯೂ ಇಲ್ಲ. ಬಿದ್ದವರ ಮೈಯಲ್ಲಿ ಪೆಟ್ಟು ಇರ್ತದೆ, ಯಾವುದು ಹಳೆಯದು ಅಂತ ಯಾರೂ ನೋಡ್ಲಿಲ್ಲ. ಫ್ರೆಂಡ್‌ಗಳು ಸಿಟ್ಟಿನಲ್ಲಿ ನೂರು ಹೇಳ್ತಾರೆ, ಕಣ್ಣಿಂದ ನೋಡಿದವರು ಯಾರು ಅಂತ ಕೇಳ್ತಿದ್ದಾರೆ.”

ಗೋಡೆಯ ಗಡಿಯಾರದಲ್ಲಿ ಹನ್ನೆರಡಾಗುತ್ತಿತ್ತು. ಸಂಜೆ ವಿಮಾನ. ಬಾಡಿ ಅವರ ಊರು ನಿಪ್ಪಾಣಿ ಮುಟ್ಟಿದರೆ ನಾಡಿದ್ದು ಬೂದಿ. ನಿಂಗವ್ವನ ಕಣ್ಣ ಮುಂದೆ ಮಗಳು ಬಂದಳು, ಒಂದು ಬೂಟಿನಲ್ಲಿ ಕೂತಿದ್ದ ಗಂಡ ಬಂದ.

“ನಾ ದರ್ಜಿ ಅಂತ ಹೇಳು.”

“ನಿಂಗಕ್ಕ...”

“ಹೇಳು ರಮ್ಲಾ. ಬ್ಯಾರೇದವರಿಗೆ ಕಾಣಂಗಿಲ್ಲ ಅದು, ದರ್ಜಿಗೆ ಕಾಣತದ.”

ರಮ್ಲಾ ಅಧಿಕಾರಿಯತ್ತ ತಿರುಗಿ, ದರ್ಜಿ ಎಂಬುದಕ್ಕೆ ಅರಬ್ಬಿಯಲ್ಲಿ “ಖಯ್ಯಾತಾ” ಎಂದಳು. ಅಧಿಕಾರಿ ತಲೆಯೆತ್ತಿ ನೋಡಿದಳು.

ನಿಂಗವ್ವ ರವಿಕೆಯನ್ನು ಮೇಜಿನ ಮೇಲೆ ಹರಡಿ ಒಳಮಗ್ಗಲು ಹೊರಗೆ ಮಾಡಿದಳು. ಬೆನ್ನಿನಲ್ಲಿ ಸಾಲಾಗಿ ಹಳೆಯ ಹುಕ್ಕಿನ ತೂತುಗಳಿದ್ದವು, ಸೀಳಿದ್ದಲ್ಲಿ ಹೊಸ ಹೊಲಿಗೆ ಬಿದ್ದಿತ್ತು. ಮುಂಭಾಗ ಕತ್ತರಿಸಿ ಪಟ್ಟಿ ಕೊಟ್ಟು ಹೊಸ ಹುಕ್ಕು ಹಚ್ಚಿತ್ತು. ಬೆರಳಿಟ್ಟು ಒಂದೊಂದೇ ತೋರಿಸಿದಳು. ಚಂದದ ರವಿಕೆಯನ್ನು ಯಾರೂ ಸುಮ್ಮನೆ ಹೀಗೆ ಕೆಡಿಸಿಕೊಳ್ಳುವುದಿಲ್ಲ ಎಂದಳು. ಯಾವ ತಿಂಗಳು, ಎಷ್ಟು ಬಟ್ಟೆ, ತೋಳಿನ ಗುರುತು ಎಲ್ಲಿತ್ತು, ನೇತ್ರಾ ಆಡಿದ ಮಾತೇನು, ಬಲಗೈಯಲ್ಲಿ ಒರೆಸುತ್ತಿದ್ದಳೆಂದು ಗಂಡ ಯಾರ ಮುಂದೆ ಹೇಳಿದ, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ದನಿ ಏರಿತು. ಗಾಜು ಒರೆಸಲು ಒಂದು ಕೈಯಲ್ಲಿ ಚೌಕಟ್ಟು ಹಿಡಿಯಬೇಕು, ಇನ್ನೊಂದರಲ್ಲಿ ಒರೆಸಬೇಕು, ಅವಳಿಗಿದ್ದದ್ದು ಒಂದೇ ಕೈ ಎಂದಾಗ ಹೊರಗಿನ ಪೊಲೀಸ ಬಾಗಿಲಲ್ಲಿ ಇಣುಕಿದ.

ಅಧಿಕಾರಿ ಅವನನ್ನು ಕೈಸನ್ನೆಯಲ್ಲೇ ಕಳಿಸಿದಳು. ಎದ್ದು ಕೋಣೆಯ ಕಿಟಕಿಗೆ ಹೋದಳು. ಎಡಗೈಯಲ್ಲಿ ಚೌಕಟ್ಟು ಹಿಡಿದು ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿ ನಿಲ್ಲಿಸಿ, ಮೇಲಿನ ಗಾಜನ್ನು ನೋಡುತ್ತ ನಿಂತಳು. ತುದಿಗಾಲಲ್ಲಿ ನಿಂತು ಇನ್ನೊಮ್ಮೆ ನೋಡಿದಳು. ಮೇಜಿಗೆ ಬಂದು ಫೋನು ಎತ್ತಿದಳು. ಎರಡು ಕಡೆ ಮಾತಾಡಿದಳು, ಎರಡನೆಯವರಿಗೆ ಸ್ವಲ್ಪ ಜೋರಾಗಿಯೇ.

“ಬಾಡಿ ಇವತ್ತು ಹೋಗುದಿಲ್ಲವಂತೆ,” ರಮ್ಲಾ ಮೆಲ್ಲಗೆ ಹೇಳಿದಳು. “ಭುಜದ ಎಕ್ಸರೇ ತೆಗೀಲಿಕ್ಕೆ ಹೇಳಿದ್ದಾರೆ. ಅವನನ್ನೂ ಕರೀತಾರೆ.”

ನಿಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಧಿಕಾರಿ ಕೈ ಚಾಚಿ ಅವಳ ಸಿವಿಲ್ ಐಡಿ ಕಾರ್ಡು ಕೇಳಿದಳು, ಎರಡೂ ಮಗ್ಗಲು ತಿರುಗಿಸಿ ನೋಡಿದಳು, ನಿಂಗವ್ವನ ಮುಖ ನೋಡಿದಳು. ಆಮೇಲೆ ಹೇಳಿಕೆ ಬರೆಯತೊಡಗಿದಳು. ಬರೆದು ಮುಗಿಸಿ ಕಾಗದವನ್ನು ಇತ್ತ ತಳ್ಳಿದಳು.

“ಏನ ಬರದಾರ ಓದು.”

ರಮ್ಲಾ ಬೆರಳಿಟ್ಟು ಓದಿದಳು. ಹೆಸರು, ವಯಸ್ಸು, ಗಂಡನ ಹೆಸರು. ನಾಲ್ಕನೆಯ ಸಾಲಿಗೆ ಬೆರಳು ನಿಂತಿತು. “ಕೆಲಸ, ಟೈಲರ್ ಅಂತ ಉಂಟು. ಇದೊಂದು ಬಿಡ್ಲಿಕ್ಕೆ ಆಗ್ತದಾ ಅಂತ ಕೇಳ್ಲಾ? ಒಳ್ಳೆಯವರ ಹಾಗೆ ಕಾಣ್ತಾರೆ.”

“ಬ್ಯಾಡ. ಅದನ್ನ ತಗದ್ರ ಉಳಿದದ್ದು ಯಾವುದೂ ನಿಲ್ಲಂಗಿಲ್ಲ.”

ನಿಂಗವ್ವ ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ಪೂರ್ತಿ ಹೆಸರು ಬರೆದಳು. ಅಧಿಕಾರಿ ಕಾರ್ಡನ್ನು ತಿರುಗಿ ಕೊಡದೆ ಆ ಹಾಳೆಗೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ ಫೈಲು ಮುಚ್ಚಿದಳು. ಕಾರ್ಡು ಪೂರ್ತಿ ಒಳಗೆ ಹೋಗಿರಲಿಲ್ಲ. ಅಂಚಿನಿಂದ ನಿಂಗವ್ವನ ಫೋಟೋ ಅರ್ಧ ಹೊರಗೆ ಕಾಣುತ್ತಿತ್ತು.