ಹೊಟ್ಟೆ ತುಂಬಿದ ಸಿಂಹಗಳು

ಶ್ರೀರಂಗಪಟ್ಟಣದ ಕೋಟೆಯೊಳಗೆ ಭಾಗೀರಥಮ್ಮನವರು ದೇವರ ತೆರೆ ಹೊಲಿಯುತ್ತಿದ್ದರು. ಗರ್ಭಗುಡಿಯಲ್ಲಿ ಅಲಂಕಾರ ನಡೆಯುವಾಗ ಜನರಿಗೆ ಕಾಣದಂತೆ ಎಳೆಯುತ್ತಾರಲ್ಲ, ಆ ಮಖಮಲ್ಲಿನ ತೆರೆ. ಯಜಮಾನರು ಶ್ರೀಕಂಠಯ್ಯನವರು ಕಚೇರಿಯ ಗುಮಾಸ್ತರು; ಸಂಜೆ ಬಂದು ಕೋಟು ಗೂಟಕ್ಕೆ ಹಾಕಿದ ಮೇಲೆ ತೆರೆ ವ್ಯವಹಾರದ ಮುಖ್ಯಸ್ಥರು. ಸೂಜಿಗೆ ದಾರ ಪೋಣಿಸಿದವರಲ್ಲ. ಆದರೆ "ನಾಗಮಂಗಲಕ್ಕೆ ನಾವು ಹೊಲಿದ ತೆರೆ" ಎನ್ನುವಾಗ ಆ 'ನಾವು' ಬಹಳ ಗಟ್ಟಿಯಾಗಿ ಬರುತ್ತಿತ್ತು.

ಕೆಲಸಕ್ಕೆ ಕೊರತೆಯಿರಲಿಲ್ಲ, ಬೇಸರಕ್ಕೂ ಇರಲಿಲ್ಲ. ಮಾವನವರು ಬಿಟ್ಟುಹೋದ, ಸೂಜಿಯಲ್ಲಿ ಚುಚ್ಚಿದ ಕಾಗದಗಳ ಮೇಲೆ ಸೀಮೆಸುಣ್ಣದ ಪುಡಿ ಸವರಿದರೆ ಬಟ್ಟೆಯ ಮೇಲೆ ಶಂಖ, ಚಕ್ರ, ನಾಮ ಮೂಡುತ್ತಿದ್ದವು. ಅದರ ಮೇಲೆ ಜರಿ. ಮದುವೆಯಾಗಿ ಬಂದಾಗಿನಿಂದ ಅದೇ ಶಂಖ. ಒಮ್ಮೆ ಆಸೆಪಟ್ಟು ಚಕ್ರದ ಸುತ್ತ ಒಂದು ಬಳ್ಳಿ ಹಬ್ಬಿಸಿದ್ದಕ್ಕೆ ತೆರೆ ವಾಪಸು ಬಂದಿತ್ತು. ನಾಮಕ್ಕೆ ಪಾದ ಬೇಕೋ ಬೇಡವೋ ಎಂಬ ಎರಡು ಪಂಗಡದವರ ಜಗಳದಲ್ಲಿ ಇನ್ನೊಂದು ವಾಪಸು ಬಂದು, ಈಗ ಅವರ ಮನೆಯ ಅಕ್ಕಿ ಡಬ್ಬವನ್ನು ಭಕ್ತರಿಂದ ಮರೆಮಾಡುತ್ತಿತ್ತು.

ಅಂಥ ಮನೆಗೆ, ಅರವತ್ತಮೂರನೆಯ ಇಸವಿಯಲ್ಲಿ, ಪಾಂಡವಪುರದ ಸಕ್ಕರೆ ಕಾರ್ಖಾನೆಯ ಎಂಜಿನಿಯರು ಸಾಮ್ಸನ್ ಅಷ್ಟಮ್‌ಕರ್ ಬಂದರು. ಹೆಸರಿನ ಮುಂಭಾಗ ಕ್ರೈಸ್ತರದು, ಹಿಂಭಾಗ ಮರಾಠಿ ಬ್ರಾಹ್ಮಣರದು ಎಂದು ಶ್ರೀಕಂಠಯ್ಯನವರು ಲೆಕ್ಕ ಹಾಕಿ ಎಲ್ಲಿ ಕೂರಿಸುವುದೆಂದು ತಿಳಿಯದೆ ನಿಂತರು. ಎರಡೂ ಅಲ್ಲ, ಕೊಂಕಣದ ಯೆಹೂದಿಗಳು ಎಂದು ಸಾಮ್ಸನ್ ಅವರೇ ಹೇಳಿ ತಾವೇ ಕೂತರು. ಕೆ.ಆರ್. ಪೇಟೆಯಲ್ಲಿ ಸ್ನೇಹಿತರ ಜೊತೆ ದೇವಸ್ಥಾನಕ್ಕೆ ಹೋಗಿ ಬಾಗಿಲಾಚೆ ನಿಂತಿದ್ದಾಗ ಭಾಗೀರಥಮ್ಮನವರ ತೆರೆ ನೋಡಿದ್ದರಂತೆ.

"ನಮ್ಮೂರಿನ ಪ್ರಾರ್ಥನಾಮಂದಿರಕ್ಕೆ ಒಂದು ತೆರೆ ಬೇಕು," ಎಂದರು.

"ಒಳಗೆ ಯಾವ ದೇವರು?" ಶ್ರೀಕಂಠಯ್ಯನವರು ಕೇಳಿದರು.

"ವಿಗ್ರಹ ಇಲ್ಲ. ಗೋಡೆಯಲ್ಲಿ ಒಂದು ಕಪಾಟು. ಅದರಲ್ಲಿ ನಮ್ಮ ಧರ್ಮಗ್ರಂಥದ ಸುರುಳಿ. ತೆರೆ ಆ ಕಪಾಟಿನ ಮುಂದೆ."

"ಆಗಬಹುದು. ಶಂಖ..."

"ಶಂಖ ಬೇಡ."

"ಚಕ್ರ?"

"ಬೇಡ."

"ನಾಮ?"

ಸಾಮ್ಸನ್ ನಕ್ಕರು. "ಯಾವ ನಾಮವೂ ಬೇಡ ಸ್ವಾಮಿ. ಮನುಷ್ಯರ ರೂಪ, ದೇವರ ರೂಪ ಏನೂ ಬೇಡ. ಎರಡು ಸಿಂಹ, ನಡುವೆ ಕಿರೀಟ, ಕೆಳಗೆ ನಮ್ಮ ಹೀಬ್ರೂ ಅಕ್ಷರ, ಅದನ್ನ ನಾನು ಬರೆದುಕೊಡ್ತೀನಿ. ಮಿಕ್ಕಿದ್ದೆಲ್ಲ ನಿಮ್ಮ ಇಷ್ಟ."

ಅಡಿಗೆಮನೆಯ ಬಾಗಿಲಲ್ಲಿದ್ದ ಭಾಗೀರಥಮ್ಮ ಮುಂದೆ ಬಂದರು. "ಇನ್ನೊಂದು ಸಲ ಹೇಳಿ."

"ಯಾವುದು?"

"ಕೊನೆಯ ಮಾತು."

ಹೇಳಿದರು. ಆದರೆ ಒಂದು ಕರಾರು: ಊರಿನಿಂದ ಅವರ ಬೆನ್ಯಾಮಿನ್ ಕಾಕಾ ಬರುತ್ತಾರೆ, ಮಂದಿರದ ಹಿರಿಯರು. ಅವರು ಒಪ್ಪಿದರೆ ತೆರೆ ಹೋಗುತ್ತದೆ. ಇಲ್ಲವಾದರೆ ಮುಂಬಯಿಯ ಅಂಗಡಿಯ ಮೆಷಿನ್ ಹೊಲಿಗೆಯದು ಇದ್ದೇ ಇದೆ. ಹೊರಡುವಾಗ ಸಾಮ್ಸನ್ ಕೇಳಿದರು: "ಕನ್ನಡದಲ್ಲಿ ಪರದೆಗೆ ತೆರೆ ಅಂತೀರಿ. ಬಾಗಿಲು ತೆಗಿ ಅನ್ನೋದಕ್ಕೂ 'ತೆರೆ' ಅಂತೀರಿ. ಮುಚ್ಚೋದಕ್ಕೂ ಬಿಚ್ಚೋದಕ್ಕೂ ಒಂದೇ ಮಾತು ಇಟ್ಟುಕೊಂಡು ಹೇಗೆ ಸಂಸಾರ ಮಾಡ್ತೀರಿ?"

"ಕಷ್ಟಪಟ್ಟು," ಎಂದರು ಭಾಗೀರಥಮ್ಮ.

ಮಾವನವರ ಕಾಗದಗಳಲ್ಲೂ ಸಿಂಹಗಳಿದ್ದವು, ಕಣ್ಣುಗುಡ್ಡೆ ಹೊರಗೆ ಬಂದು ನಾಲಿಗೆ ಚಾಚಿದಂಥವು. ಭಾಗೀರಥಮ್ಮ ಅವನ್ನು ಮುಟ್ಟಲಿಲ್ಲ. ಬಸ್ಸು ಹತ್ತಿ ಮೈಸೂರಿನ ಮೃಗಾಲಯಕ್ಕೆ ಹೋದರು. ಅಲ್ಲಿನ ಸಿಂಹ ಊಟ ಮುಗಿಸಿ ಮಲಗಿತ್ತು. ಒಂದು ಕಣ್ಣು ತೆರೆದು ಇವರನ್ನು ನೋಡಿ, ವಿಶೇಷವೇನಿಲ್ಲ ಎಂದುಕೊಂಡು ಮುಚ್ಚಿತು. ಮನೆಗೆ ಬಂದು ಹಾಗೇ ಬರೆದರು: ಎರಡು ಸಿಂಹ, ಕಿರೀಟದ ಎರಡು ಮಗ್ಗುಲಲ್ಲಿ, ಕಾಲ ಮೇಲೆ ತಲೆಯಿಟ್ಟು, ಒಂದೊಂದು ಕಣ್ಣು ಬಿಟ್ಟುಕೊಂಡು. ಸುತ್ತ ಬಳ್ಳಿ, ಬೇಕಾದಷ್ಟು ಬಳ್ಳಿ.

ಹಿಂಬದಿಯ ಹೊಲಿಗೆಗೆ ಬಾಬುರಾಯನಕೊಪ್ಪಲಿನಿಂದ ಬರುತ್ತಿದ್ದ ಮುತ್ತಮ್ಮ ನೋಡಿ ಹೇಳಿದಳು: "ಇದು ಸಿಮ್ಮ ಅಲ್ಲ ಕಣ್ರಮ್ಮ. ಮುದ್ದೆ ಉಂಡು ಜಗಲಿ ಮ್ಯಾಲೆ ಮನಿಕ್ಕಂಡಿರೋ ನಮ್ ಬಾವ."

"ಚೆನ್ನಾಗಿಲ್ಲವಾ?"

"ಬಾವ ಚೆಂದಾಗವ್ನೆ ಬುಡಿ. ಈ ಅಕ್ಸರವೇ, ಕಾಲು ಮುರಿದ ಕುರ್ಚಿಗಳ್ನ ಸಾಲಾಗಿ ನಿಲ್ಸಿದಂಗವೆ."

ಶ್ರೀಕಂಠಯ್ಯನವರು ಮಾತ್ರ ಚಿಂತೆಗೆ ಬಿದ್ದರು. "ಸಿಂಹ ಎದ್ದು ನಿಲ್ಲಲಿ ಕಣೆ. ಮಲಗಿದ ಸಿಂಹವನ್ನ ಯಾರು ಒಪ್ತಾರೆ?"

"ಒಪ್ಪದಿದ್ದರೆ ಬೇಳೆ ಡಬ್ಬಕ್ಕೂ ಒಂದು ಮರೆ ಆಯಿತು," ಎಂದರು ಹೆಂಡತಿ. ತಮಾಷೆಯ ದನಿಯೇ. ಆದರೆ ಅವತ್ತು ಸಾರಿಗೆ ಉಪ್ಪು ಹಾಕಲು ಮರೆತಿದ್ದರು. ಇದೂ ವಾಪಸಾದರೆ ಇನ್ನೊಮ್ಮೆ ಸ್ವಂತ ಗೆರೆ ಎಳೆಯುವ ಧೈರ್ಯ ತನಗೆ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಬೆನ್ಯಾಮಿನ್ ಕಾಕಾ ಬಂದರು. ತೆಳ್ಳಗಿನ ಮುದುಕರು, ಕಪ್ಪು ಟೋಪಿ, ಮಾತೆಲ್ಲ ಮರಾಠಿ. ಸಾಮ್ಸನ್ ಕನ್ನಡಕ್ಕೆ ತಿರುಗಿಸುತ್ತಿದ್ದರು. ತೆರೆಯನ್ನು ನಡುಮನೆಯ ಚಾಪೆಯ ಮೇಲೆ ಹಾಸಿದ್ದರು. ಕಾಕಾ ಮಂಡಿಯೂರಿ, ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ, ಬಲದಿಂದ ಎಡಕ್ಕೆ ಅಕ್ಷರ ಓದಿದರು. ತಪ್ಪಿಲ್ಲ. ಹಾಗೇ ಮೇಲಕ್ಕೆ ತೆವಳಿದವರು ಅಂಚಿನಲ್ಲಿ ನಿಂತುಬಿಟ್ಟರು.

"ಇದು ಯಾವ ಅಕ್ಷರ?"

ಎಲ್ಲರೂ ಬಗ್ಗಿದರು. ಮೇಲಂಚಿನ ನಟ್ಟನಡುವೆ, ಅಕ್ಕಿಕಾಳಿನಷ್ಟು ಚಿಕ್ಕದಾಗಿ, ಜರಿಯಲ್ಲಿ 'ಶ್ರೀ'.

ಭಾಗೀರಥಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯೋ! ಅದನ್ನ ನಾನು ಬರೆಯಲಿಲ್ಲ. ಕೈ ಬರೆದುಬಿಟ್ಟಿದೆ."

ಆ ಮನೆಯಲ್ಲಿ ಶ್ರೀಕಾರವಿಲ್ಲದೆ ಹಾಲಿನವನ ಚೀಟಿಯನ್ನೂ ಬರೆದವರಿಲ್ಲ. ಸನ್ನಿವೇಶವನ್ನು ಉಳಿಸಲು ಶ್ರೀಕಂಠಯ್ಯನವರು ಮುಂದಾದರು. "ಗಾಬರಿಯಾಗಬೇಡಿ. ಶ್ರೀ ಅಂದರೆ ಬೇರೆ ಯಾರೂ ಅಲ್ಲ, ಸಾಕ್ಷಾತ್ ಮಹಾಲಕ್ಷ್ಮಿ. ವಿಷ್ಣುವಿನ..."

"ರೀ," ಎಂದರು ಭಾಗೀರಥಮ್ಮ. ಗಂಡ ಅಲ್ಲಿಗೇ ನಿಲ್ಲಿಸಿದರು. ಸಾಮ್ಸನ್ ಅಷ್ಟನ್ನು ತಿರುಗಿಸದೆ ಗೋಡೆ ನೋಡುತ್ತಿದ್ದರು.

ಕಾಕಾ ಸುಲಭಕ್ಕೆ ಬಿಡುವವರಲ್ಲ. "ಯಾತಕ್ಕೆ ಹಾಕ್ತೀರಿ, ಕೇಳು."

ಮುತ್ತಮ್ಮ ಉತ್ತರ ಕೊಟ್ಟಳು: "ಯಾತುಕ್ಕೂ ಇಲ್ಲ ಬುದ್ದಿ. ಕೆಲ್ಸ ಸುರು ಮಾಡೋಕ್ ಮುಂಚೆ, ಸ್ವಾಮೀ ನೀನೇ ನೋಡ್ಕಪ್ಪಾ ಅಂದಂಗೆ."

ಸಾಮ್ಸನ್ ಇದನ್ನು ಸಂತೋಷದಿಂದ ತಿರುಗಿಸಿದರು. ಕಾಕಾ ಗಡ್ಡ ಕೆರೆದುಕೊಂಡರು. ಆಮೇಲೆ ಸೀಮೆಸುಣ್ಣದ ಚೂರು ತೆಗೆದುಕೊಂಡು ಕೆಂಪು ನೆಲದ ಮೇಲೆ ಎರಡು ಅಕ್ಷರ ಬರೆದರು.

"ನಾವೂ ಕಾಗದ ಬರೆಯುವ ಮುಂಚೆ ಮೇಲೆ ಇದನ್ನ ಹಾಕ್ತೀವಿ. ದೇವರ ದಯದಿಂದ ಅಂತ. ಈ ಅಮ್ಮನವರ ಪದ್ಧತಿ ಸರಿ, ಭಾಷೆ ಮಾತ್ರ ನಮ್ಮ ಕಪಾಟಿಗೆ ಹೊಂದೋದಿಲ್ಲ. ಅದನ್ನ ಬಿಚ್ಚಿ ಇದನ್ನ ಹಾಕಲಿ. ಮಖಮಲ್ಲಿನ ತೂತೂ ಮುಚ್ಚುತ್ತೆ."

ಭಾಗೀರಥಮ್ಮ ಅಲ್ಲೇ ಕೂತು ಬಿಚ್ಚಿದರು, ಅಲ್ಲೇ ಹೊಲಿದರು. ಕಾಕಾ ಎರಡು ಲೋಟ ಕಾಫಿ ಕುಡಿದರು. ಹೊಲಿಗೆ ಮುಗಿದು ತೆರೆಯನ್ನು ಬಾಗಿಲಿಗೆ ತೂಗುಹಾಕಿದಾಗ, ಕಾಕಾ ಹಿಂದಕ್ಕೆ ಸರಿದು ಮೊದಲ ಸಲ ಪೂರ್ತಿ ನೋಡಿದರು. ಮುದುಕರ ಭುಜ ಅಲುಗತೊಡಗಿತು. ನಗುತ್ತಿದ್ದರು.

ಸಾಮ್ಸನ್ ತಿರುಗಿಸಿದರು: "ನಮ್ಮ ಹಳೆಯ ತೆರೆಯ ಸಿಂಹಗಳು ನಮ್ಮಜ್ಜನ ಕಾಲದಿಂದ ಹಸಿದುಕೊಂಡು ಬಾಯಿ ಬಿಟ್ಟಿವೆ. ಅವನ್ನ ನೋಡಿದರೆ ಪ್ರಾರ್ಥನೆ ಬೇಗ ಮುಗಿಸಿ ಓಡೋಣ ಅನ್ನಿಸುತ್ತೆ. ಇವು ಊಟ ಮಾಡಿವೆ. ಕಾವಲಿಗೂ ಇವೆ. ಇದನ್ನ ಬರೆದದ್ದು ಯಾರು?"

ಶ್ರೀಕಂಠಯ್ಯನವರು ಬಾಯಿ ತೆರೆದರು, ಹೆಂಡತಿಯ ಮುಖ ನೋಡಿದರು. "ಇವಳು," ಎಂದರು. "ಇವಳೊಬ್ಬಳೇ."

ತೆರೆ ಮಡಿಸುವಾಗ ಕಾಕಾ ಇನ್ನೊಂದು ಮಾತು ಹೇಳಿದರು. ಅವರ ಹೊಸ ವರ್ಷಕ್ಕೂ ಉಪವಾಸದ ದಿನಕ್ಕೂ ಬಿಳಿಯ ತೆರೆ ಬೇಕು.

"ಅದರಲ್ಲಿ ಏನಿರಬೇಕು?" ಭಾಗೀರಥಮ್ಮ ಕೇಳಿದರು.

"ಅದನ್ನ ನಾನ್ಯಾಕೆ ಹೇಳಲಿ?" ಎಂದರಂತೆ ಕಾಕಾ.

ಗಾಡಿ ಬೀದಿ ತಿರುವು ದಾಟುವ ಮುಂಚೆಯೇ ಮುತ್ತಮ್ಮ ಗೊಣಗಿದಳು: "ಬಿಳೀ ಬಟ್ಟೆ! ಕೊಳೆ ಕುಂತ್ಕತದಲ್ಲಮ್ಮ."

ಭಾಗೀರಥಮ್ಮನವರಿಗೆ ಕೇಳಿಸಲಿಲ್ಲ. ಅವರು ನೆಲದ ಮೇಲೆ ಕೂತು, ಸೀಮೆಸುಣ್ಣ ಹಿಡಿದು, ಕಾವೇರಿಯ ನೀರಿನಲ್ಲಿ ಒಂಟಿ ಕಾಲಲ್ಲಿ ನಿಲ್ಲುವ ಕೊಕ್ಕರೆಯ ಕತ್ತು ಎಷ್ಟು ಉದ್ದವಿರುತ್ತದೆಂದು ಗಾಳಿಯಲ್ಲಿ ಅಳೆಯುತ್ತಿದ್ದರು.